ಪುಕ್ಕಟೆ ಆವೃತ್ತಿಯಲ್ಲೊಂದು ಹೂಂ

ನಾನು ಮಾಡುವ ಗುರೆಳ್ಳು ಚಟ್ನಿಪುಡಿಗೆ ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಸ್ವಲ್ಪ ಹೆಸರಿದೆ. ನಾನೇ ಹೇಳಿಕೊಂಡರೆ ಜಂಬ ಅನ್ನಬಹುದು, ಆದರೆ ಡಬ್ಬಿ ಹಿಡಿದುಕೊಂಡು ಬರುವವರು ಇದ್ದಾರೆ ಅಂದ ಮೇಲೆ ಸುಳ್ಳಲ್ಲ. ಕೇಳಿದವರಿಗೆಲ್ಲ ಮಾಡುವ ಕ್ರಮ ಹೇಳಿಕೊಟ್ಟಿದ್ದೇನೆ. ಗುರೆಳ್ಳು ಇಷ್ಟು, ಒಣಮೆಣಸಿನಕಾಯಿ ಇಷ್ಟು, ಬೆಳ್ಳುಳ್ಳಿ ಸಿಪ್ಪೆ ಸಮೇತ, ಹುಣಸೆಹಣ್ಣು ಒಂದು ಗೋಲಿಯಷ್ಟು. ಆದರೆ ಒಂದು ವಿಷಯ ಮಾತ್ರ ಇಪ್ಪತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ಯಾರೂ ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಕೇಳುವ ಮೊದಲೇ ಮಾತು ತಿರುಗಿಸುವುದೂ ನನಗೆ ಚೆನ್ನಾಗಿ ಬರುತ್ತದೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಈಗಷ್ಟೇ ಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಬರೆಯಲು ಕೂತಿದ್ದೇನೆ, ಸುಳ್ಳು ಬೇಡ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ನಾನು ಕೆಲವರನ್ನು ಬೈಯುವವಳಿದ್ದೇನೆ. ಅವರು ಯಾವ ದೇಶದವರೋ, ಮುಖ ನೋಡಿದವಳಲ್ಲ. ಒಂದು ತಂತ್ರಾಂಶ ಮಾಡಿ, ತಗೊಳ್ಳಿ, ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ, ಬಿಚ್ಚಿ ನೋಡಿ, ಬೇಕಾದರೆ ತಿದ್ದಿಕೊಳ್ಳಿ, ಕಾಸಿಲ್ಲ ಎಂದು ಜಗತ್ತಿಗೆಲ್ಲ ಹಂಚಿದವರು. ಆಮೇಲೆ ಹೊಸದಾಗಿ ಮಾಡಿದ ಒಂದು ಒಳ್ಳೆಯ ಸೌಕರ್ಯವನ್ನು ಮಾತ್ರ ದುಡ್ಡು ಕೊಡುವವರಿಗೆಂದು ಒಳಗಿಟ್ಟುಕೊಂಡರು. ನನ್ನ ಚಟ್ನಿಪುಡಿಗೂ ಅವರ ತಂತ್ರಾಂಶಕ್ಕೂ ಇರುವ ನೆಂಟಸ್ತಿಕೆ ನಿಮಗೆ ಈಗಲೇ ಹೊಳೆದಿರಬಹುದು. ನನಗೆ ಹೊಳೆಯಲು ಬಹಳ ದಿನ ಹಿಡಿಯಿತು.

ನಾವು ನಾಲ್ವರು ರಾಮಗಿರಿಯ ಒಂದೇ ಬೀದಿಯಲ್ಲಿ ಬೆಳೆದವರು. ಮದುವೆಯೆಂಬುದು ನಮ್ಮನ್ನು ಜಿಲ್ಲೆಗೆಲ್ಲ ಸಮನಾಗಿ ಹಂಚಿತು. ನಾನು ಹೊಳಲ್ಕೆರೆಗೆ, ಗಿರಿಜ ಹೊಸದುರ್ಗಕ್ಕೆ, ನಾಗರತ್ನ ಚಿತ್ರದುರ್ಗಕ್ಕೆ, ನಮಗೆಲ್ಲ ದೊಡ್ಡವಳಾದ ಸರೋಜಕ್ಕ ಹಿರಿಯೂರಿಗೆ. ಸರೋಜಕ್ಕನ ತವರಿನವರು ಕುರಿ ಸಾಕುವವರು. ಅವಳ ಅಜ್ಜಿ ಶ್ರಾವಣ ಬಂತೆಂದರೆ ಸಂಜೆ ಜಗಲಿಯ ಮೇಲೆ ಕೂತು ಪುರಾಣ ಹೇಳುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಎಲ್ಲ ಬಾಯಲ್ಲೇ. ಅವರದೊಂದು ಕಟ್ಟಳೆ ಇತ್ತು. ಕಥೆ ಹೇಳುವಾಗ ಎದುರಿಗೆ ಒಬ್ಬರು ಹೂಂಗುಟ್ಟಬೇಕು. ಎಲ್ಲರೂ ಅಲ್ಲ, ಒಬ್ಬರು. "ಹೂಂ ಅನ್ನೋರಿಲ್ದ ಕಥೆ ಗ್ವಾಡೆಗೆ ಹೇಳ್ದಂಗೆ" ಅನ್ನುತ್ತಿದ್ದರು. ಹೂಂ ನಿಂತರೆ ಕಥೆಯೂ ನಿಂತಿತು, ರಾಕ್ಷಸ ಎತ್ತಿದ ಗದೆ ಎತ್ತಿದ ಹಾಗೆಯೇ ಇರಬೇಕು.

ಆ ಕೆಲಸ ಸರೋಜಕ್ಕನದು. ಅದಕ್ಕೆ ಸಂಬಳ, ಕೊನೆಯಲ್ಲಿ ಹಂಚುವ ಪುಟಾಣಿ ಬೆಲ್ಲದಲ್ಲಿ ಎರಡು ಪಾಲು. ನಮಗೆ ಹೊಟ್ಟೆಯುರಿ ಇತ್ತು, ಆದರೆ ಅವಳ ಹಾಗೆ ಹೂಂ ಅನ್ನಲು ನಮಗೆ ಬರುತ್ತಿರಲಿಲ್ಲ. ನಾಗರತ್ನ ಒಮ್ಮೆ ಪ್ರಯತ್ನಿಸಿ ನಿದ್ದೆ ಹೋದಳು. ಸರೋಜಕ್ಕನ ಹೂಂಗಳಲ್ಲಿ ಬಗೆಗಳಿದ್ದವು. ರಾಜನ ಊರು, ಕೋಟೆ, ಆನೆ, ಕುದುರೆಗಳ ವರ್ಣನೆಗೆ ಗಿಡ್ಡ ಹೂಂ. ಕೆಟ್ಟ ಮಂತ್ರಿ ಬಾಯಿ ತೆರೆದರೆ ಅನುಮಾನದ ಹೂಂ. ಶಿವ ಪ್ರತ್ಯಕ್ಷನಾದಾಗ ಮಾತ್ರ ಎಳೆದು ಬಿಡುವ ಒಂದು ಉದ್ದನೆಯ ಹೂಂ ಇತ್ತು. ಅದು ಬಂದ ಮೇಲೆ ನಮಗೂ ದೇವರು ಬಂದದ್ದು ಖಾತ್ರಿಯಾಗುತ್ತಿತ್ತು.

ಕರೋನಾ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ ನಮಗೆ ಆ ಜಗಲಿ ನೆನಪಾಯಿತು. ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೋಮವಾರ ಮಧ್ಯಾಹ್ನ ಮೂರಕ್ಕೆ, ಪಾತ್ರೆ ತೊಳೆದಿಟ್ಟ ಮೇಲೆ, ಪುರಾಣ ಓದುವುದೆಂದು ಗೊತ್ತುಮಾಡಿಕೊಂಡೆವು. ಗಿರಿಜ ಅಂಗನವಾಡಿ ನಡೆಸಿದವಳು, ಗಂಟಲು ದೊಡ್ಡದು, ಓದುವುದು ಅವಳು. ಪುಸ್ತಕವೂ ಅವಳ ಮನೆಯದೇ. ಹೊದಿಕೆ, ಮೊದಲ ಹತ್ತಿಪ್ಪತ್ತು ಹಾಳೆ ಎಲ್ಲ ಹೋಗಿ ಅದರ ಹೆಸರೇನೆಂದು ಅವಳಿಗೂ ಗೊತ್ತಿಲ್ಲ. ನಾಗರತ್ನನದು ಪ್ರಶ್ನೆ ಕೇಳುವ ಕೆಲಸ. ಕೊನೆಗೆ ಮಂಗಳಾರತಿ ಹಾಡುವುದು ನನಗೆ ಬಂತು. ಹೂಂ ಯಾರದೆಂದು ಯಾರೂ ಕೇಳಲೇ ಇಲ್ಲ.

ಆದರೆ ನಾವು ಬಳಸುತ್ತಿದ್ದ ಆ ಪುಕ್ಕಟೆ ಆ್ಯಪು ನಲವತ್ತು ನಿಮಿಷಕ್ಕೆ ಸರಿಯಾಗಿ ಕಳಚಿಕೊಳ್ಳುತ್ತಿತ್ತು. ಗಿರಿಜ ಓದುವ ಓಟಕ್ಕೆ ನಲವತ್ತನೆಯ ನಿಮಿಷವೆಂದರೆ ಭಕ್ತ ಅಗ್ನಿಗೆ ಹಾರಲು ಕಾಲೆತ್ತಿರುತ್ತಾನೆ, ಶಿವ ಇನ್ನೇನು ಬರಬೇಕು. ಅಷ್ಟರಲ್ಲಿ ನಾಲ್ವರ ಮುಖವೂ ಮಾಯ. ಮತ್ತೆ ಸೇರುವಷ್ಟರಲ್ಲಿ ಒಬ್ಬಳಿಗೆ ಹಾಲಿನವನು ಬಂದಿರುತ್ತಾನೆ, ಇನ್ನೊಬ್ಬಳಿಗೆ ಮೊಮ್ಮಗು ಎದ್ದಿರುತ್ತದೆ. ಎಷ್ಟು ಭಕ್ತರನ್ನು ಹಾಗೆ ಬೆಂಕಿಯ ಅಂಚಿನಲ್ಲಿ ನಿಲ್ಲಿಸಿ ಮುಂದಿನ ಸೋಮವಾರಕ್ಕೆ ಹೋದೆವೋ ಆ ಪರಮಾತ್ಮನಿಗೇ ಗೊತ್ತು.

ನನ್ನ ಮೈದುನ ಮಂಜುನಾಥ ಸಿರಿಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುತ್ತಾನೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ವಯಸ್ಸು ನಲವತ್ತಾರು. ನನಗೆ ಸೋಮವಾರ ಹೇಗೋ ಅವನಿಗೆ ಓಪನ್ ಸೋರ್ಸ್, ಅಂದರೆ ಹೀಗೆ ಒಳಗೆಲ್ಲ ತೆರೆದು ಹಂಚುವ ತಂತ್ರಾಂಶ, ಹಾಗೆ, ನೇಮ. "ಅತ್ಗೆ, ಬ್ಯಾರೇರ ಮನೆ ಜಗಲಿ ಮ್ಯಾಲೆ ಕುಂತು ಪುರಾಣ ಓದಿದ್ರೆ ಅವ್ರು ಏಳು ಅಂದಾಗ ಏಳ್ಬೇಕು. ನಮ್ ಜಗಲಿ ನಾವೇ ಕಟ್ಕಳಾಣ ಬಿಡ್ರಿ" ಅಂದ. ಯಾರೋ ಮಾರಿದ ಹಳೆಯ ಕಂಪ್ಯೂಟರ್ ಒಂದನ್ನು ತಂದು, ಈ ಮೇಲೆ ಹೇಳಿದ ಪುಕ್ಕಟೆ ತಂತ್ರಾಂಶವನ್ನು ಅದರಲ್ಲಿ ಹಾಕಿ, ಮನೆಗೆ ಬಂದಿದ್ದ ಇಂಟರ್ನೆಟ್ಟಿಗೆ ಸಿಕ್ಕಿಸಿದ. ನಮ್ಮ ಮನೆಯಲ್ಲಿ ಕರೆಂಟು ಹೋದರೂ ಬ್ಯಾಟರಿಯಿಂದ ನಡೆಯುವ ಪ್ಲಗ್ಗು ದೇವರ ಮನೆಯ ಪಕ್ಕದ್ದೊಂದೇ. ಹಾಗಾಗಿ ಅದು ದೇವರ ಮನೆಯ ಗೋಡೆಗೆ ಒರಗಿ ಕೂತಿತು. ಇನ್ನು ಮೇಲೆ ನಾಲ್ವರೂ ಫೋನಿನಲ್ಲಿ ಒತ್ತಿದರೆ ಬಂದು ಸೇರುವುದು ನಮ್ಮ ಮನೆಗೇ. ನಲವತ್ತು ನಿಮಿಷ ಎನ್ನುವವರಿಲ್ಲ.

ಮೊದಲ ವಾರ ನಾನೊಂದು ತಪ್ಪು ಮಾಡಿದೆ. ದೇವರ ಮನೆಯ ಪಕ್ಕ ಬಂದು ಕೂತ ವಸ್ತು, ಪುರಾಣಕ್ಕೆ ಮೀಸಲಾದದ್ದು, ಅಡುಗೆಯ ಒಗ್ಗರಣೆ ಹೊಗೆ ಬಡಿಯಬಾರದು ಎಂದು ಅದಕ್ಕೊಂದು ಒಗೆದ ಮಡಿವಸ್ತ್ರ ನಾಲ್ಕು ಮಡಿಕೆ ಮಾಡಿ ಹೊದಿಸಿದೆ. ಮೇಲೊಂದು ಹೂವನ್ನೂ ಇಟ್ಟೆ. ಅರ್ಧ ಗಂಟೆಯಲ್ಲಿ ಅದು ಉಸಿರುಕಟ್ಟಿ, ಬಿಸಿಯಾಗಿ, ತಾನೇ ಆರಿಹೋಯಿತು. ಶಿವ ಮತ್ತೆ ಬರಲಿಲ್ಲ. ಮಂಜುನಾಥ ಬಂದು ಬಟ್ಟೆ ತೆಗೆದು, "ಅತ್ಗೆ, ಇದಕ್ಕೆ ಭಕ್ತಿ ಕಮ್ಮಿ ಬೇಕ್ರಿ, ಗಾಳಿ ಜಾಸ್ತಿ ಬೇಕು" ಅಂದ. ಈಗ ಒಂದು ಬೊಟ್ಟು ಕುಂಕುಮ ಮಾತ್ರ.

ಹೀಗೆ ಮೂರು ವರ್ಷ ಸುಖವಾಗಿ ನಡೆಯಿತು. ಅದನ್ನು ಹೇಳದೆ ಮುಂದೆ ಹೋದರೆ ಕೃತಘ್ನಳಾಗುತ್ತೇನೆ. ನಮ್ಮಿಂದ ಬಿಡಿಕಾಸು ಪಡೆಯದ ಯಾರೋ ಕೂತು ಮಾಡಿದ ವಸ್ತುವಿನೊಳಗೆ ನಮ್ಮ ಶಿವ ಎಷ್ಟೋ ಸಲ ಪ್ರತ್ಯಕ್ಷನಾದ, ಒಮ್ಮೆಯೂ ಅರ್ಧಕ್ಕೆ ಹೋಗಲಿಲ್ಲ.

ಆಮೇಲೆ ಸರೋಜಕ್ಕನ ಹೂಂ ತಪ್ಪತೊಡಗಿತು.

ಮೊದಲು ನಮಗೆ ತಿಳಿಯಲಿಲ್ಲ. ರಾಣಿ ಸತ್ತಳು ಎಂದು ಗಿರಿಜ ಓದಿದರೆ ಸರೋಜಕ್ಕ ಆನೆ ಕುದುರೆಗೆ ಅನ್ನುವ ಗಿಡ್ಡ ಹೂಂ ಅಂದಳು. ಮಂತ್ರಿಯ ಮೋಸಕ್ಕೆ ಭಕ್ತಿಯ ಹೂಂ ಬಂತು. ಒಂದು ಸೋಮವಾರ ಗಿರಿಜ ಓದು ನಿಲ್ಲಿಸಿ ನೀರು ಕುಡಿಯುತ್ತಿದ್ದಳು, ಆಗಲೂ ಒಂದು ಹೂಂ ಬಂತು. ನಾಗರತ್ನ ಕಿಸಕ್ಕನೆ ನಕ್ಕಳು. ಸರೋಜಕ್ಕ ನಗಲಿಲ್ಲ. ಮುಂದಿನ ವಾರಗಳಲ್ಲಿ ಹೂಂ ಕಡಿಮೆಯಾಗುತ್ತ ಹೋಗಿ ಒಂದು ದಿನ ನಿಂತೇಹೋಯಿತು. ಅವಳ ಮುಖ ಇರುತ್ತಿತ್ತು, ಸುಮ್ಮನೆ ನಗುತ್ತಿರುತ್ತಿತ್ತು, ಅಷ್ಟೆ.

ಕಿವಿ ಹೋಗಿತ್ತು. ಡಾಕ್ಟರು ಒಂದು ಕಿವಿಗೆ ಯಂತ್ರ ಕೊಟ್ಟಿದ್ದರು. ಎದುರಿಗೆ ಕೂತು ಒಬ್ಬರು ಮಾತಾಡಿದರೆ ಅದು ಕೆಲಸಕ್ಕೆ ಬರುತ್ತದಂತೆ. ಫೋನಿನೊಳಗಿಂದ ಮೂವರು ಮಾತಾಡಿದರೆ ಜೇನುಗೂಡಿಗೆ ಕಿವಿ ಇಟ್ಟಂತೆ. ಇದೆಲ್ಲ ಅವಳ ಸೊಸೆಯಿಂದ ತಿಳಿದದ್ದು, ಸರೋಜಕ್ಕ ತಾನಾಗಿ ಹೇಳಲಿಲ್ಲ.

ಅದೇ ದಿನಗಳಲ್ಲಿ ತಂತ್ರಾಂಶದ ಹೊಸ ಆವೃತ್ತಿ ಬಂತು. ಮಂಜುನಾಥ ಕುಣಿಯುತ್ತಾ ಬಂದು ಹೇಳಿದ: ಯಾರು ಮಾತಾಡಿದರೂ ಆ ಮಾತು ಆ ಕ್ಷಣವೇ ಅಕ್ಷರವಾಗಿ ಮುಖದ ಕೆಳಗೆ ಮೂಡುತ್ತದೆ, ಕನ್ನಡದಲ್ಲೂ ಮೂಡುತ್ತದೆ. ನಾನು ಎದ್ದು ದೇವರಿಗೆ ಕೈಮುಗಿದೆ. ಇದಕ್ಕಿಂತ ಸರಿಯಾದ ಹೊತ್ತಿಗೆ ಬೇರೇನು ಬರಬೇಕು? ಮಂಜುನಾಥ ಪರದೆಯಲ್ಲಿ ಓದುತ್ತಾ ಓದುತ್ತಾ ಕೆಳಗಿನ ಸಾಲುಗಳಿಗೆ ಹೋದ. ಅವನ ಮುಖ ಇಳಿಯಿತು.

"ಅತ್ಗೆ, ಇದು ದುಡ್ಡಿನ ಎಡಿಷನ್ನಿಗೆ ಮಾತ್ರ ಐತ್ರಿ."

"ನಮ್ದು ಯಾವ್ದು?"

"ನಮ್ದು ಪುಕ್ಕಟೆದು. ಇರೋದೆಲ್ಲ ಹಂಗೇ ಇರ್ತದೆ, ಯಾವ್ದೂ ಕಿತ್ಕೊಳ್ಳಲ್ಲ. ಹೊಸದು ಮಾತ್ರ ಅವರಿಗೆ."

ದುಡ್ಡು ಕೊಟ್ಟೇ ತಗೊಳ್ಳೋಣ ಎಂದೆ. ನಾವೇನು ಅಷ್ಟು ಇಲ್ಲದವರಲ್ಲ, ನಾಲ್ವರು ಸೇರಿದರೆ ಆಗುತ್ತದೆ. ಮಂಜುನಾಥ ವಿಚಾರಿಸಿದ. ಅದು ದೊಡ್ಡ ಕಚೇರಿಗಳಿಗೆ ಮಾಡಿದ್ದು. ಐವತ್ತು ಜನಕ್ಕೆ ಕಡಿಮೆ ಕೊಡುವುದಿಲ್ಲವಂತೆ. ನಾಲ್ವರು ಹೆಂಗಸರು ಮತ್ತು ಹೊದಿಕೆ ಹರಿದ ಒಂದು ಪುಸ್ತಕ ಎಂಬ ದರ ಅವರಲ್ಲಿ ಇರಲಿಲ್ಲ. ಫೋನಿನಲ್ಲೇ ಮಾತನ್ನು ಬರೆಯುವ ಬೇರೆ ಆ್ಯಪುಗಳಿವೆ, ಅದನ್ನೂ ನೋಡಿದೆವು. ಅವು ಎದುರಿಗೆ ಕೂತವರ ಮಾತು ಬರೆಯುತ್ತವೆ; ಅದೇ ಫೋನಿನಲ್ಲಿ ನಾವು ಮಾತಾಡುತ್ತಿದ್ದರೆ ಸುಮ್ಮನಾಗುತ್ತವೆ.

ಆಗ ನನಗೆ ಸಿಟ್ಟು ಬಂತು. ದುಡ್ಡು ತಗೊಂಡು ಮಾಡುವವರ ಮೇಲೆ ನನಗೆ ಎಂದೂ ಸಿಟ್ಟಿಲ್ಲ, ಅಂಗಡಿ ಅಂದ ಮೇಲೆ ಅಂಗಡಿ. ಆದರೆ ಧರ್ಮಕ್ಕೆ ಕೊಡುತ್ತೇನೆ ಎಂದವರು ಹೀಗೆ ಮಾಡಬಹುದೇ? ನಮ್ಮಲ್ಲಿ ಹಾಲಿಗೆ ಹೆಪ್ಪು ಕೇಳಿ ಬಂದವರಿಗೆ ಇಲ್ಲವೆನ್ನುವುದಿಲ್ಲ. ಆದರೆ ಕೆನೆ ಮೊಸರಿನ ಹೆಪ್ಪು ದುಡ್ಡಿಗೆ, ನೀರು ಮೊಸರಿನದು ಪುಕ್ಕಟೆ ಎಂದು ಯಾರಾದರೂ ಹೇಳಿದ್ದಾರೆಯೇ? "ಕೊಡಂಗಿದ್ರೆ ಪೂರ್ತಿ ಕೊಡಬೇಕಪ್ಪ, ಅರ್ಧ ಮುಚ್ಚಿಟ್ಟು ಕೊಡೋದು ಯಾವ ದಾನ" ಎಂದು ನಾನು ಅಡುಗೆಮನೆಯಿಂದ ಕೂಗಿದೆ. ನಡುಮನೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರು ತಲೆ ಎತ್ತದೆ ಕೇಳಿದರು:

"ಗುರೆಳ್ಳು ಪುಡಿ ಪೂರ್ತಿ ಹೇಳ್ಕೊಟ್ಟೇನೇ?"

ನಾನು ಕುಕ್ಕರಿನ ಸದ್ದಿಗೆ ಕೇಳಿಸದವಳಂತೆ ಇದ್ದೆ. ಆ ಮನೆಯಲ್ಲಿ ಆಗ ಕಿವಿ ಕೇಳಿಸದವಳು ನಾನೇ.

ಆ ತಂತ್ರಾಂಶ ಮಾಡುವವರಿಗೆ ಪತ್ರ ಬರೆಯುವ ಜಾಗವೊಂದಿದೆ, ಎಲ್ಲರಿಗೂ ಕಾಣುವಂತೆ. ಮಂಜುನಾಥ ಇಂಗ್ಲಿಷಿನಲ್ಲಿ ಬರೆದ, ನಾನು ಕನ್ನಡದಲ್ಲಿ ಹೇಳಿದೆ. ಮೊದಲು ನಾವು ಕ್ಷೇಮ, ನೀವು ಕ್ಷೇಮವೇ ಎಂದು ಬರೆಯಬೇಕೆಂದೆ. ಅಲ್ಲಿ ಹಾಗೆಲ್ಲ ಬರೆಯುವುದಿಲ್ಲ ಎಂದ. ಹಾಗಾದರೆ ಪತ್ರವೇ ಬೇಡ ಎಂದೆ. ಬರೆದ. ಮೂರು ದಿನಕ್ಕೆ ಉತ್ತರ ಬಂತು. ಅವರೂ ಕ್ಷೇಮವಂತೆ. ಈ ಸೌಕರ್ಯ ಸದ್ಯಕ್ಕೆ ದುಡ್ಡಿನ ಆವೃತ್ತಿಗೆ ಮಾತ್ರ, ಅದರಿಂದಲೇ ನಮ್ಮ ಸಂಬಳ ಹುಟ್ಟಬೇಕು, ಕಾಲಾನಂತರದಲ್ಲಿ ಎಲ್ಲರಿಗೂ ಬಿಡುವ ಆಲೋಚನೆ ಇದೆ, ನಿಮ್ಮ ಗೆಳತಿಗೆ ನಮ್ಮ ನಮಸ್ಕಾರ. ಅದರ ಕೆಳಗೆ ಎಲ್ಲಿಯವನೋ ಒಬ್ಬ, ನಮ್ಮ ತಾಯಿಗೂ ಇದು ಬೇಕಿತ್ತು ಎಂದು ಒಂದು ಸಾಲು ಬರೆದಿದ್ದ. ಬಯ್ಯಲು ಅಣಿಯಾಗಿದ್ದ ನನ್ನ ನಾಲಿಗೆ ಆ ನಮಸ್ಕಾರಕ್ಕೂ ಈ ಸಾಲಿಗೂ ಸ್ವಲ್ಪ ಮೆತ್ತಗಾಯಿತು. ಆದರೆ ಕಾಲಾನಂತರ ಎಂದರೆ ಯಾವಾಗ? ಸರೋಜಕ್ಕನಿಗೆ ಅರವತ್ತೆಂಟು.

ಕಂಪನಿ ಇಲ್ಲವೆಂದ ಮೇಲೆ ಮೇಲಿನವರನ್ನು ಕೇಳುವುದು ನಮ್ಮ ಪದ್ಧತಿ. ಗಿರಿಜ ಹೊಸದುರ್ಗದವಳಾದ್ದರಿಂದ ಅವಳನ್ನು ಕರೆದುಕೊಂಡು ಹಾಲುರಾಮೇಶ್ವರಕ್ಕೆ ಹೋದೆ. ಅಲ್ಲಿ ಗಂಗಮ್ಮನ ಕೊಳದ ಮುಂದೆ ಕೂತು ಬೇಡಿಕೊಂಡರೆ ನೀರಿನಿಂದ ಪ್ರಸಾದ ಬರುತ್ತದೆಂಬುದು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಸರೋಜಕ್ಕನ ಕಿವಿ ಕೊಡವ್ವ ಎಂದು ಬೇಡಿಕೊಂಡೆ. ಬಂದದ್ದು ಬಾಳೆಹಣ್ಣು. ಶುಭವೇ ಎಂದರು. ಬಾಳೆಹಣ್ಣಿಗೂ ಕಿವಿಗೂ ಏನು ಸಂಬಂಧ ಎಂದು ಬಸ್ಸಿನಲ್ಲಿ ಬರುವಾಗ ಇಬ್ಬರೂ ಯೋಚಿಸಿ, ಕೊನೆಗೆ ಅರ್ಧರ್ಧ ತಿಂದೆವು. ಕೇಳಿದ್ದೇ ಬರಬೇಕೆಂದು ಹಟ ಹಿಡಿಯಲು ಅದು ಅಂಗಡಿಯಲ್ಲ.

ಮನೆಗೆ ಬಂದು ನೋಡಿದರೆ ಸರೋಜಕ್ಕನ ಸಂದೇಶ. ಮೊಮ್ಮಗಳ ಪರೀಕ್ಷೆ ಹತ್ತಿರವಿದೆ, ಇನ್ನು ಮೇಲೆ ಸೋಮವಾರ ಬಿಡುವಾಗುವುದಿಲ್ಲ, ನೀವು ಮೂವರು ನಡೆಸಿ.

ಮೊಮ್ಮಗಳು ಒಂದನೇ ಕ್ಲಾಸು.

ಮರುದಿನವೇ ಬಸ್ಸು ಹತ್ತಿ, ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹಿರಿಯೂರಿಗೆ ಹೋದೆ. ಒಬ್ಬಳೇ ಎದುರಿಗೆ ಕೂತು ಅವಳ ಒಳ್ಳೆಯ ಕಿವಿಯ ಕಡೆ ಮಾತಾಡಿದೆ. ಹೊಸ ಸೌಕರ್ಯದ ಕಥೆ, ಪತ್ರದ ಕಥೆ, ಬಾಳೆಹಣ್ಣಿನ ಕಥೆ ಎಲ್ಲ ಹೇಳಿ ಕಂಪನಿಯವರನ್ನು ಚೆನ್ನಾಗಿ ಬೈದೆ. ಅವಳು ಕೇಳಿಸಿಕೊಂಡು, ಚಾ ಸೋಸುತ್ತಾ ಹೇಳಿದಳು:

"ಅವ್ರನ್ಯಾಕೆ ಬೈತೀಯೇ ಶಾಂತಿ? ನಮ್ಮಪ್ಪ ಕಂಡೋರ ಹೊಲ್ದಾಗೆ ಕುರಿ ತರುಬ್ತಿದ್ದ. ರಾತ್ರೆಲ್ಲ ಮಂದೆ ಅಲ್ಲೇ. ಗೊಬ್ಬರ ಹೊಲದೋನಿಗೆ ಬಿಟ್ಟು ಬರ್ತಿದ್ದ. ಹಂಗಂತ ಉಣ್ಣೆನೂ ಬಿಟ್ಟು ಬರ್ತಿದ್ನಾ? ಉಣ್ಣೆ ಬಿಟ್ರೆ ಮುಂದಿನ ವರ್ಷ ಕುರಿನೇ ಇರಲ್ಲ, ಗೊಬ್ಬರ ಎಲ್ಲಿಂದ ಬರ್ತದೆ?"

ಮೂರು ವರ್ಷ ನಮ್ಮ ಹೊಲದಲ್ಲಿ ಬಿದ್ದ ಗೊಬ್ಬರವನ್ನು ಮರೆತು ನಾನು ಉಣ್ಣೆಗೆ ಜಗಳ ತೆಗೆದಿದ್ದೆ.

"ಹಂಗಾದ್ರೆ ನೀನ್ಯಾಕೆ ಬರಲ್ಲ?" ಎಂದೆ. "ಸುಮ್ನೆ ಕುಂತ್ಕಂಡು ನಮ್ ಮುಖ ನೋಡು ಸಾಕು. ಹೂಂ ಅನ್ನು. ತಪ್ಪಿದ್ರೆ ತಪ್ಲಿ, ಯಾರು ಕೇಳ್ತಾರೆ?"

ಅವಳು ಲೋಟ ಕೆಳಗಿಟ್ಟಳು.

"ಕೇಳಿಸ್ದೆ ಹೂಂ ಅಂದ್ರೆ ಸುಳ್ಳು ಸಾಕ್ಷಿ ಹೇಳ್ದಂಗೆ ಕಣೇ. ಅದೂ ದೇವ್ರ ಕಥೆಗೆ. ಎರಡು ಪಾಲು ತಿಂದೀನಿ ನಾನು."

ವಾಪಸು ಬರುವಾಗ ಬಸ್ಸಿನಲ್ಲಿ ಆ ಎರಡು ಪಾಲು ಪುಟಾಣಿಯೇ ತಲೆಯಲ್ಲಿ. ಅರವತ್ತು ವರ್ಷದ ಹಿಂದಿನ ಸಂಬಳಕ್ಕೆ ಇನ್ನೂ ನಿಯತ್ತಾಗಿರುವವಳನ್ನು ಸುಮ್ಮನೆ ಮುಖ ತೋರಿಸು ಅಂದೆನಲ್ಲ.

ದಾರಿ ಸಿಕ್ಕಿದ್ದು ಬಹಳ ಸಣ್ಣದು. ನಮ್ಮ ಪುಕ್ಕಟೆ ಆವೃತ್ತಿಯಲ್ಲಿ ಮೊದಲಿಂದಲೂ ಪಕ್ಕಕ್ಕೊಂದು ಚಾಟ್ ಎಂಬ ಪೆಟ್ಟಿಗೆ ಇತ್ತು. ಒಬ್ಬರು ಬರೆದರೆ ಎಲ್ಲರಿಗೂ ಕಾಣುತ್ತದೆ. ಮೂರು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ, ನಾಗರತ್ನನ ಮೊಮ್ಮಗ ಒಮ್ಮೆ ಒತ್ತಿ ಕಳಿಸಿದ ಬೆಕ್ಕಿನ ಚಿತ್ರವೊಂದು ಹಾಗೇ ಕೂತಿತ್ತು. ಯಂತ್ರ ಬರೆಯದಿದ್ದರೆ ನಾನು ಬರೆಯುತ್ತೇನೆ ಎಂದೆ. ಪುಸ್ತಕದ ಹಾಳೆಯ ಫೋಟೋ ಕಳಿಸಿದರೆ ಸಾಲದೇ ಎಂದಳು ನಾಗರತ್ನ. ಕಳಿಸುತ್ತೇವೆ, ಆದರೆ ನಮ್ಮ ಪುರಾಣ ಹಾಳೆಯಲ್ಲಿ ಕಾಲುಭಾಗ ಮಾತ್ರ ಇದೆ. ಗಿರಿಜ ಎರಡು ಸಾಲು ಓದಿದರೆ ಹತ್ತು ಸಾಲು ತನ್ನದು ಸೇರಿಸುತ್ತಾಳೆ, ನಾಗರತ್ನ ಅದಕ್ಕೆ ಅಡ್ಡ ಹಾಕುತ್ತಾಳೆ. ಸರೋಜಕ್ಕ ಕಳೆದುಕೊಂಡದ್ದು ಅದನ್ನು. ಅದು ಫೋಟೋದಲ್ಲಿ ಬರುವುದಿಲ್ಲ.

ಸರೋಜಕ್ಕನನ್ನು ಒಪ್ಪಿಸಿ, ಮುಂದಿನ ಸೋಮವಾರ ಲಿಪಿಕಾರಳಾಗಿ ಕೂತೆ. ನನ್ನದು ಒಂದು ಬೆರಳಿನ ಟೈಪಿಂಗು. ಗಿರಿಜ ಕಾಡು ದಾಟಿ ಊರು ಸೇರುವಾಗ ನಾನಿನ್ನೂ ಕಾಡಿನ ಕೊಂಬು ಒತ್ತುತ್ತಿದ್ದೆ. ಒತ್ತಕ್ಷರ ಬಂದಾಗಲೆಲ್ಲ ಶಿವನನ್ನು ನೆನೆದೆ. ಮಾತು ಓಡುತ್ತದೆ, ಬೆರಳು ಓಡುವುದಿಲ್ಲ. ಹಾಗಾಗಿ ನಾನು ಆಯತೊಡಗಿದೆ. ಮುಖ್ಯವಾದದ್ದು ಬರೆದೆ, ಉಳಿದದ್ದು ಬಿಟ್ಟೆ. ಕೆಲವು ವಾರದಲ್ಲಿ ಆಯುವುದರಲ್ಲಿ ನನಗೆ ರುಚಿ ಹುಟ್ಟಿತು. ನಾಗರತ್ನ ತನ್ನ ಬೀಗಿತ್ತಿಯನ್ನು ಬೈದರೆ ಅದು ಪುರಾಣಕ್ಕೆ ಬೇಕಿಲ್ಲವೆಂದು ಬಿಟ್ಟೆ. ಗಿರಿಜ ದೇವೇಂದ್ರನ ಬಗ್ಗೆ ಹಗುರವಾಗಿ ಏನೋ ಅಂದರೆ, ಪಾಪ, ಸರೋಜಕ್ಕನ ಮನಸ್ಸಿಗೆ ಯಾಕೆ ಎಂದು ನುಂಗಿದೆ. ಸರೋಜಕ್ಕನ ಕಡೆಯಿಂದ ಸಣ್ಣ ಸಣ್ಣ ಹೂಂ ಬರತೊಡಗಿತ್ತು, ತಡವಾಗಿ, ಆದರೆ ಬೀಳಬೇಕಾದ ಜಾಗದಲ್ಲೇ ಬೀಳುತ್ತಿತ್ತು. ನಾನು ಒಳಗೊಳಗೇ ಬೀಗಿದೆ. ದೊಡ್ಡ ಕಂಪನಿ ಕೊಡದ್ದನ್ನು ನಾನು ಕೊಟ್ಟೆ ಎಂದುಕೊಂಡೆ.

ಒಂದು ಸೋಮವಾರದ ಕಥೆ ಒಬ್ಬ ದಾನಿ ರಾಜನದು. ಬಂದವರಿಗೆ ಎಲ್ಲ ಕೊಟ್ಟ, ಆನೆ ಕೊಟ್ಟ, ಬೊಕ್ಕಸ ಕೊಟ್ಟ, ಕೊನೆಗೆ ಒಂದು ಹಸು ಮಾತ್ರ ಹಿತ್ತಿಲಲ್ಲಿ ಕಟ್ಟಿಕೊಂಡು ಯಾರಿಗೂ ಹೇಳದೆ ಇದ್ದ. ಗಿರಿಜ ಪುಸ್ತಕ ತೊಡೆಯ ಮೇಲೆ ಇಳಿಸಿ ಹೇಳಿದಳು:

"ಈ ರಾಜ ಥೇಟ್ ನಮ್ ಶಾಂತಿ ಇದ್ದಂಗೆ ಅವ್ನೆ ಕಣೇ. ಎಲ್ಲಾ ದಾನ ಮಾಡ್ದ, ಗುರೆಳ್ಳು ಪುಡಿ ಗುಟ್ಟೊಂದು ಬಿಟ್ಟು!"

ನಾಗರತ್ನ ನಗುತ್ತಾ ನಗುತ್ತಾ ಪರದೆಯಿಂದಲೇ ಆಚೆ ಹೋದಳು. "ನಾನು ಎಂಟು ಸಲ ಮಾಡೀನಿ ಕಣೇ, ಒಂದ್ಸಲನಾದ್ರೂ ಆ ರುಚಿ ಬಂದಿದ್ರೆ ಕೇಳು" ಎಂದು ದನಿ ಮಾತ್ರ ಬರುತ್ತಿತ್ತು. ನನ್ನಲ್ಲೊಂದು ಗುಟ್ಟಿದೆ ಎನ್ನುವುದೇ ಇಪ್ಪತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ, ಅದು ಎಲ್ಲರಿಗೂ ಗೊತ್ತಿತ್ತು. ನಾನು ಮುಖ ಬಿಗಿ ಮಾಡಿಕೊಂಡು ಪೆಟ್ಟಿಗೆಯಲ್ಲಿ ಬರೆದೆ: ರಾಜ ಎಲ್ಲ ದಾನ ಮಾಡಿದ.

ಸರೋಜಕ್ಕ ಅದನ್ನು ಓದಿದಳು. ನಮ್ಮ ಮುಖಗಳನ್ನು ನೋಡಿದಳು. ಮತ್ತೆ ಓದಿದಳು.

"ರಾಜ ದಾನ ಮಾಡಿದ್ದಕ್ಕೆ ಇಷ್ಟು ನಗ್ತೀರೇನ್ರೇ?"

ನಾಗರತ್ನ ಕಣ್ಣೊರೆಸಿಕೊಳ್ಳುತ್ತಾ ಪರದೆಯೊಳಕ್ಕೆ ವಾಪಸು ಬಂದಳು.

"ಶಾಂತಿ, ನೀನು ನಂಗೆ ಪೂರ್ತಿ ಬರೀತಿಲ್ಲ. ನಂಗೊತ್ತು. ಇವಳು ಇಷ್ಟುದ್ದ ಬಾಯಿ ಆಡಿಸ್ತಾಳೆ, ನೀನು ಗೇಣುದ್ದ ಬರೀತೀಯ. ಕಿವಿ ಕೇಳದೋಳಿಗೆ ಇಷ್ಟು ಸಾಕು ಅಂತಾನಾ?"

ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ಕಂಪನಿಯವರು ಹೊಸ ಸೌಕರ್ಯವೊಂದನ್ನು ಒಳಗಿಟ್ಟುಕೊಂಡರು, ಆದರೆ ಇಟ್ಟುಕೊಂಡಿದ್ದೇವೆ ಎಂದು ಬಾಯಿಬಿಟ್ಟು ಹೇಳಿದರು, ಯಾಕೆಂದೂ ಹೇಳಿದರು, ನಮಸ್ಕಾರವನ್ನೂ ಹೇಳಿದರು. ನಾನು ಸರೋಜಕ್ಕನಿಗೆ ವಾರಾವಾರ ಕಡಿಮೆಯ ಆವೃತ್ತಿ ಕೊಡುತ್ತಾ, ಇದೇ ಪೂರ್ತಿ ಎಂದು ನಂಬಿಸುತ್ತಿದ್ದೆ. ಅವಳು ಅದನ್ನು ನಂಬಿ ಹೂಂ ಅನ್ನುತ್ತಿದ್ದಳು. ಸುಳ್ಳು ಸಾಕ್ಷಿ ಬೇಡವೆಂದು ಮನೆಯಲ್ಲಿ ಕೂತವಳನ್ನು ಕರೆತಂದು ನಾನೇ ಸುಳ್ಳು ಸಾಕ್ಷಿ ಹೇಳಿಸಿದ್ದೆ.

"ಗಿರಿಜಾ, ಓದಬ್ಯಾಡ, ತಡಿ" ಎಂದೆ. ಕನ್ನಡಕ ಒರೆಸಿಕೊಂಡು ಬರೆಯಲು ಕೂತೆ. ಗಿರಿಜ ಅಂದದ್ದನ್ನು ಅಂದ ಹಾಗೆಯೇ ಬರೆದೆ. ನಾಗರತ್ನನ ಎಂಟು ಸಲವನ್ನೂ ಬರೆದೆ. ಆಮೇಲೆ, ಬೆರಳು ಅಲ್ಲಿಗೆ ಬಂದ ಮೇಲೆ ನಿಲ್ಲಿಸುವುದು ಸರಿಯಲ್ಲವೆಂದು, ಅದನ್ನೂ ಬರೆದೆ: ಹುರಿದ ಮೇಲೆ ಕೂಡಲೇ ಕುಟ್ಟಬಾರದು. ಬಟ್ಟೆಯ ಮೇಲೆ ಹರಡಿ ಒಂದು ದಿನ ಪೂರ್ತಿ ಹಾಗೇ ಬಿಡಬೇಕು. ಮಾರನೆಯ ದಿನ ಕುಟ್ಟಬೇಕು. ಅಷ್ಟೇ.

"ಇಷ್ಟೇನಾ?" ಎಂದಳು ಗಿರಿಜ. "ನಾನೇನೋ ಮದ್ದು ಹಾಕ್ತಾಳೆ ಅನ್ಕಂಡಿದ್ದೆ."

ಇಷ್ಟೇ. ನಮ್ಮತ್ತೆ ನನಗೆ ಹೇಳಿಕೊಟ್ಟದ್ದೂ ಇಷ್ಟೇ, ಹಿರಿಯ ಓರಗಿತ್ತಿಗೆ ಹೇಳಬೇಡ ಎಂಬ ಷರತ್ತಿನ ಮೇಲೆ. ಆ ಓರಗಿತ್ತಿ ತೀರಿಕೊಂಡೇ ಹತ್ತು ವರ್ಷವಾಯಿತು. ಷರತ್ತನ್ನು ಮಾತ್ರ ಜೋಪಾನವಾಗಿ ಕಾದುಕೊಂಡು ಬಂದಿದ್ದೆ.

ಅಷ್ಟೂ ಬರೆದು ಮುಗಿಸುವುದಕ್ಕೆ ಎಷ್ಟು ಹೊತ್ತಾಯಿತೋ. ಗಿರಿಜ ಓದಿದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ರಾಜ ಹಿತ್ತಿಲಲ್ಲಿ ಹಸುವಿನ ಹಗ್ಗ ಹಿಡಿದು ನಿಂತಿದ್ದ, ಬಾಗಿಲಲ್ಲಿ ಮುದುಕನ ವೇಷದಲ್ಲಿ ಶಿವ ನಿಂತಿದ್ದ. ದೇವರ ಮನೆಯ ಪಕ್ಕದಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ನನ್ನ ಅಕ್ಷರಗಳು ಅದರೊಳಗೆ ಹೊಕ್ಕು ಹಿರಿಯೂರಿನಲ್ಲಿ ಮೇಲೆದ್ದವು. ಸರೋಜಕ್ಕ ಫೋನನ್ನು ದೂರ ಹಿಡಿದು, ತುಟಿ ಆಡಿಸುತ್ತಾ, ಒಂದೊಂದೇ ಸಾಲು ಓದಿದಳು. ಕೊನೆಯ ಸಾಲು ಮುಟ್ಟಿದಾಗ ಅವಳ ತುಟಿ ನಿಂತಿತು.

"ಹೂಂ..." ಎಂದಳು.

ಎಳೆದು ಬಿಡುವ, ಉದ್ದನೆಯದು.

ಮಂಜುನಾಥ ಹೇಳುತ್ತಿದ್ದಾನೆ, ಆ ಅಕ್ಷರದ ಸೌಕರ್ಯ ಮುಂದಿನ ಆವೃತ್ತಿಯಲ್ಲಿ ಪುಕ್ಕಟೆಯವರಿಗೂ ಬರಬಹುದಂತೆ. ಬರಲಿ, ಆ ಇನ್ನೊಬ್ಬನ ತಾಯಿಗೂ ಸಿಗಲಿ, ನನ್ನ ಬೆರಳಿಗೂ ಬಿಡುವಾಗಲಿ. ಅಲ್ಲಿಯವರೆಗೆ ನಮ್ಮ ಪುರಾಣ ಹೀಗೇ ನಡೆಯುತ್ತದೆ. ಮೊದಲು ಒಂದು ಮಧ್ಯಾಹ್ನಕ್ಕೆ ಎರಡು ಅಧ್ಯಾಯ ಮುಗಿಸುತ್ತಿದ್ದೆವು, ಈಗ ಅರ್ಧ. ಗಿರಿಜ ಓದುತ್ತಾಳೆ, ನಾನು ಒತ್ತುತ್ತೇನೆ, ಸರೋಜಕ್ಕ ಓದಿಕೊಳ್ಳುತ್ತಾಳೆ. ಹಿರಿಯೂರಿನಿಂದ ಹೂಂ ಬರುವವರೆಗೆ ಹೊಸದುರ್ಗದಲ್ಲಿ ಹಾಳೆ ತಿರುವುವುದಿಲ್ಲ.